ಸಹನೆಯಿಂದ ಗೌರವದವರೆಗೆ

ಎಲ್ಲರನ್ನೂ ಸಮಾನವಾಗಿ ಕಾಣುವುದೇ ನ್ಯಾಯವೆಂಬ ಮಾತನ್ನು ಒಪ್ಪದವರು ವಿರಳ; ಆದರೆ ಸಮಾನರೆನಿಸಬೇಕಾದರೆ ಎಲ್ಲರೂ ಒಂದೇ ಬಗೆಯವರಾಗಿರಬೇಕೇ ಎಂಬ ಪ್ರಶ್ನೆಗೆ ಉತ್ತರವನ್ನರಸುತ್ತ ರಾಜನೀತಿಶಾಸ್ತ್ರವು ಶತಮಾನಗಳನ್ನೇ ಕಳೆದಿದೆ.

ಅದಕ್ಕೆ ದೊರೆತ ಮೊದಲ ಉತ್ತರಗಳಲ್ಲೊಂದು ಸಹನೆ. ಮೂರು ದಶಕಗಳಿಗೂ ಮೀರಿದ ಮತಕಲಹದಲ್ಲಿ ಬೆಂದ ಫ್ರಾನ್ಸಿನಲ್ಲಿ ನಾಲ್ಕನೆಯ ಹೆನ್ರಿ ದೊರೆಯು 1598ರಲ್ಲಿ ನಾಂಟ್ ಶಾಸನವನ್ನು ಹೊರಡಿಸಿ, ಪ್ರಾಟೆಸ್ಟೆಂಟರಿಗೆ ಮಿತವಾದ ಆರಾಧನಾ ಸ್ವಾತಂತ್ರ್ಯವನ್ನು ದಯಪಾಲಿಸಿದನು. ದೊರೆಯ ಕೃಪೆಯಿಂದ ಬಂದುದು ದೊರೆಯ ಮುನಿಸಿನಿಂದ ಹೋಗುವುದೂ ಸಹಜವೇ. 1685ರಲ್ಲಿ ಅವನ ಮೊಮ್ಮಗನಾದ ಹದಿನಾಲ್ಕನೆಯ ಲೂಯಿಯು ಆ ಶಾಸನವನ್ನು ರದ್ದುಗೊಳಿಸಲು, ಲಕ್ಷಕ್ಕೂ ಮೀರಿದ ಜನರು ತಾಯ್ನಾಡನ್ನು ತೊರೆದು ಹೋದರು. ಆ ಕಾಲದಲ್ಲಿ ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದ ಆಂಗ್ಲ ತತ್ತ್ವಜ್ಞಾನಿ ಜಾನ್ ಲಾಕನು, ಪ್ರಜೆಯ ಆತ್ಮೋದ್ಧಾರವು ಪ್ರಭುತ್ವದ ಕಾರ್ಯವಲ್ಲವೆಂದು ಸಹನೆಯನ್ನು ಕುರಿತು 1689ರಲ್ಲಿ ಪ್ರಕಟವಾದ ತನ್ನ ಪತ್ರದಲ್ಲಿ ಪ್ರತಿಪಾದಿಸಿದನು; ಆದರೂ ನಾಸ್ತಿಕರನ್ನು ಅವನು ಆ ಸಹನೆಯ ಎಲ್ಲೆಯಿಂದ ಹೊರಗಿಟ್ಟನು. ಸಹಿಸುವವನು ಉಚ್ಚಾಸನದಲ್ಲಿಯೂ ಸಹಿಸಲ್ಪಡುವವನು ಅವನ ಮರ್ಜಿಯಲ್ಲಿಯೂ ಇರುವವರೆಗೆ, ಸಹನೆಯು ನ್ಯಾಯದ ಹೊಸ್ತಿಲೇ ಹೊರತು ನ್ಯಾಯವಲ್ಲ.

ಈ ಹೊಸ್ತಿಲನ್ನು ದಾಟಿದ ಕೀರ್ತಿಯಲ್ಲಿ ನಮ್ಮ ಸಂವಿಧಾನಕ್ಕೆ ದೊಡ್ಡ ಪಾಲುಂಟು. 1950ರಲ್ಲಿ ಜಾರಿಗೆ ಬಂದ ಅದರ 29ನೆಯ ವಿಧಿಯು ತನ್ನದೇ ಆದ ಭಾಷೆ, ಲಿಪಿ, ಸಂಸ್ಕೃತಿಗಳುಳ್ಳ ಜನವರ್ಗಕ್ಕೆ ಅವನ್ನು ಕಾಪಾಡಿಕೊಳ್ಳುವ ಅಧಿಕಾರವನ್ನು ಅನುಗ್ರಹವಾಗಿ ಅಲ್ಲ, ಮೂಲಭೂತ ಹಕ್ಕಾಗಿಯೇ ಕೊಟ್ಟಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಯಲ್ಲಿ ಒದಗಿಸಲು ರಾಜ್ಯಗಳು ಯತ್ನಿಸತಕ್ಕದ್ದೆಂಬ 350ಎ ವಿಧಿಯು 1956ರಲ್ಲಿ ಸೇರಿತು.

ಪಶ್ಚಿಮದ ಸಿದ್ಧಾಂತಿಗಳು ಈ ದಾರಿಗೆ ಬಂದುದು ತಡವಾಗಿ. ತಮ್ಮ ಅಂತಸ್ತು, ಕುಲ, ಪ್ರತಿಭೆಗಳಾವುವೆಂಬುದನ್ನರಿಯದ ಸ್ಥಿತಿಯಲ್ಲಿ ಜನರು ಆರಿಸುವ ನಿಯಮಗಳೇ ನ್ಯಾಯವೆಂದು ಜಾನ್ ರಾಲ್ಸ್ 1971ರಲ್ಲಿ ವಾದಿಸಿದರು. ಆದರೆ ಹೀಗೆ ಭೇದವನ್ನು ಮರೆತ ನಿಷ್ಪಕ್ಷಪಾತದ ಮರೆಯಲ್ಲಿ ಪ್ರಬಲರ ನಡೆನುಡಿಯೇ ಸರ್ವರ ಅಳತೆಗೋಲಾಗುವ ಅಪಾಯವನ್ನು ಐರಿಸ್ ಮೇರಿಯನ್ ಯಂಗ್ 1990ರಲ್ಲಿ ತೋರಿಸಿಕೊಟ್ಟರು. ಮನ್ನಣೆಯನ್ನು ನಿರಾಕರಿಸುವುದೂ ಮನುಷ್ಯನಿಗೆ ಬಗೆಯುವ ಹಿಂಸೆಯೇ ಎಂದು ಫ್ರೆಂಚ್ ಭಾಷಿಕರ ಕ್ವಿಬೆಕ್ ಪ್ರಾಂತದ ಚಾರ್ಲ್ಸ್ ಟೇಲರ್ 1992ರಲ್ಲಿ ವಿವರಿಸಿದರು.

ಕೇರಳಕ್ಕೆ ಸೇರಿದ ಕಾಸರಗೋಡಿನ ಮಗುವಿಗೆ ಕನ್ನಡದಲ್ಲಿ ಪಾಠ ದೊರೆಯಬೇಕೆಂದು ನಾವು ಕೇಳುವಾಗ, ಭೇದವನ್ನು ಮನ್ನಿಸುವ ಈ ತತ್ತ್ವದ ಬಲವನ್ನೇ ಆಶ್ರಯಿಸುತ್ತೇವೆ. ನಮ್ಮ ನಾಡಿನೊಳಗಿನ ತುಳು, ಕೊಡವ, ಕೊಂಕಣಿ, ಉರ್ದು ನುಡಿಯುವ ಮಕ್ಕಳಿಗೂ ಅದೇ ತತ್ತ್ವವು ಅನ್ವಯಿಸತಕ್ಕದ್ದು. ಹೊರಗೆ ಬೇಡುವ ನ್ಯಾಯವನ್ನು ಒಳಗೆ ನೀಡಲು ಹಿಂಜರಿಯದಿರೋಣ.