ಹಾರಿಸಿದವರದೇ ಹೊಣೆ



1979ರ ಜುಲೈ ತಿಂಗಳು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಯಾರ ತಲೆಯ ಮೇಲೆ ಬೀಳುತ್ತದೋ ಎಂದು ಜನ ಕಂಗಾಲಾಗಿದ್ದರು. ಕಡೆಗೆ ಅದರ ಚೂರುಗಳು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಬಿದ್ದವು. ಯಾರಿಗೂ ಗಾಯವಾಗಲಿಲ್ಲ. ಹಾಗೆಂದು ಅಂದು ಹೆದರಿದವರನ್ನು ಕಂಡು ನಗಬಾರದು. ಅದು ಎಲ್ಲಿ ಬೀಳುತ್ತದೆಂದು ಕಳಿಸಿದವರಿಗೇ ಖಚಿತವಿರಲಿಲ್ಲ.

ಈ ಲೆಕ್ಕ ಇಂದಿಗೂ ಕಷ್ಟದ್ದೇ. ಬೀಳಲಿರುವ ಉಪಗ್ರಹ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುತ್ತಿರುತ್ತದೆ. ಹತ್ತು ನಿಮಿಷ ಆಚೀಚೆಯಾದರೂ ಸಾಕು, ಬೀಳುವ ಜಾಗ ನಾಲ್ಕೂವರೆ ಸಾವಿರ ಕಿಲೋಮೀಟರ್ ದೂರ ಸರಿಯುತ್ತದೆ. ಸೂರ್ಯ ಕೆರಳಿದರಂತೂ ಮೇಲಿನ ವಾತಾವರಣ ಕಾದು ಉಬ್ಬಿ, ಉಪಗ್ರಹವನ್ನು ಇನ್ನಷ್ಟು ತಡೆಯುತ್ತದೆ. ಆಗ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕು.

ಉಪಗ್ರಹವನ್ನು ಕೆಳಗಿಳಿಸುವ ಇಂಥದೊಂದು ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆಯಿತು. 2007ರ ಜನವರಿ 10ರಂದು ಶ್ರೀಹರಿಕೋಟದಿಂದ ಮೇಲೇರಿದ ಕಾರ್ಟೊಸ್ಯಾಟ್-2 ಉಪಗ್ರಹ, ನಗರ ಯೋಜನೆಗೆ ಬೇಕಾದ ಚಿತ್ರಗಳನ್ನು 2019ರವರೆಗೂ ತೆಗೆಯಿತು. ತೂಕ 680 ಕಿಲೋ. ಹಾಗೇ ಬಿಟ್ಟಿದ್ದರೆ ತಾನಾಗಿ ಕೆಳಗಿಳಿಯಲು ಸುಮಾರು 30 ವರ್ಷ ಹಿಡಿಯುತ್ತಿತ್ತು. ಅಷ್ಟು ಕಾಲವೂ ಅದು ಉಳಿದ ಉಪಗ್ರಹಗಳಿಗೆ ಅಪಾಯವೇ. ಇಸ್ರೋದವರು ಸುಮ್ಮನೆ ಕೂರಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಇಂಧನವನ್ನೇ ಉರಿಸಿ, ಅದರ ಕಕ್ಷೆಯಲ್ಲಿ ಭೂಮಿಗೆ ಅತಿ ಹತ್ತಿರದ ಬಿಂದುವನ್ನು 2020ರ ಹೊತ್ತಿಗೆ 380 ಕಿಲೋಮೀಟರಿಗೆ ತಂದರು. ಮುಂದಿನದನ್ನು ಗಾಳಿ ನೋಡಿಕೊಂಡಿತು.

ಕೊನೆಯ ದಿನಗಳಲ್ಲಿ ಶ್ರೀಹರಿಕೋಟದ ರೇಡಾರುಗಳು ಅದರ ಹಾದಿ ಅಳೆಯುತ್ತಿದ್ದವು. ಬೆಂಗಳೂರು, ಲಖನೌ, ಮಾರಿಷಸ್, ಅಂಟಾರ್ಕ್ಟಿಕಾದ ಕೇಂದ್ರಗಳು ಅದು ತಮ್ಮ ಮೇಲೆ ಹಾದಾಗಲೆಲ್ಲ ಸಂಕೇತ ಹಿಡಿಯುತ್ತಿದ್ದವು. ಒಳಗಿನ ವಿದ್ಯುತ್ ವ್ಯವಸ್ಥೆಯನ್ನು ಮೊದಲೇ ನಿಷ್ಕ್ರಿಯಗೊಳಿಸಲಾಯಿತು, ದಾರಿಯಲ್ಲಿ ಸಿಡಿದು ಚೂರಾಗಬಾರದಲ್ಲ! ಸುಮಾರು 130 ಕಿಲೋಮೀಟರ್ ಎತ್ತರಕ್ಕೆ ಇಳಿಯುವ ತನಕವೂ ಕಣ್ಗಾವಲು ತಪ್ಪಲಿಲ್ಲ. 2024ರ ಫೆಬ್ರವರಿ 14ರ ಮಧ್ಯಾಹ್ನ 3 ಗಂಟೆ 48 ನಿಮಿಷಕ್ಕೆ ಕಾರ್ಟೊಸ್ಯಾಟ್-2 ಹಿಂದೂ ಮಹಾಸಾಗರದ ಮೇಲೆ ವಾತಾವರಣವನ್ನು ಹೊಕ್ಕಿತು.

ಉಡಾವಣೆಯ ದಿನದ ಚಪ್ಪಾಳೆ ಈ ಮಧ್ಯಾಹ್ನಕ್ಕೆ ಸಿಗಲಿಲ್ಲ. ಸಿಗಬೇಕಿತ್ತು. ಹದಿನೇಳು ವರ್ಷದ ಹಿಂದೆ ಕಳಿಸಿದ ಯಂತ್ರದ ಹೊಣೆಯನ್ನು ಕೊನೆಯ ಸುತ್ತಿನವರೆಗೂ ಹೊತ್ತವರು ಇಸ್ರೋದವರು. 2030ರೊಳಗೆ ದೇಶದ ಎಲ್ಲ ಬಾಹ್ಯಾಕಾಶ ಯಾನಗಳೂ ಕಸ ಉಳಿಸದಂತಿರಬೇಕು ಎಂಬುದು ಈಗ ಭಾರತದ ಗುರಿ. ಮುಂದಿನ ಸಲ ಟಿವಿಯಲ್ಲಿ ರಾಕೆಟ್ ಹಾರುವುದನ್ನು ನೋಡುವಾಗ ಮನೆಯ ಮಕ್ಕಳು "ಇದು ಆಮೇಲೆ ಏನಾಗುತ್ತೆ?" ಎಂದು ಕೇಳಿದರೆ, ದಯವಿಟ್ಟು ಕಾರ್ಟೊಸ್ಯಾಟ್-2ರ ಕತೆ ಹೇಳಿ.