ಡಿಂಗನಿಗೆ ವಯಸ್ಸಾಗಲಿಲ್ಲ, ಕುಂತೂರಿನ ಅಜ್ಜನಿಗೆ ಆಯ್ತು

ಚಿಕ್ಕವನಿದ್ದಾಗ ನಾನು ‘ಬಾಲಮಂಗಳ’ದ ಹುಚ್ಚ. ಅದರ ಡಿಂಗ ನೆನಪಿದ್ದಾನಲ್ಲ? ನೋಡೋಕೆ ಇಲಿ, ಬಲ ಮಾತ್ರ ಆನೆದು. ಕಷ್ಟದಲ್ಲಿರೋರು ಕೂಗಿದ್ರೆ ಹಾರಿ ಬರ್ತಿದ್ದ. ನಾವು ಬೆಳೆದ್ವಿ, ನಮಗೆ ಕನ್ನಡಕ ಬಂತು. ಅವನಿಗೆ ಮಾತ್ರ ವಯಸ್ಸೇ ಆಗಲಿಲ್ಲ.

ಕಾಮಿಕ್ಸ್‌ನ ಹೀರೋಗೂ ಮುಪ್ಪು ಬಂದ್ರೆ ಹೇಗಿರುತ್ತೆ ಅಂತ ತೋರಿಸಿದ್ದು 2017ರ ‘ಲೋಗನ್’ ಸಿನಿಮಾ. ಗಾಯ ಆದ ಕೂಡಲೇ ಮಾಯುತ್ತಿದ್ದ ಮೈ ಈಗ ಅಷ್ಟು ಬೇಗ ಮಾಯೋದಿಲ್ಲ. ಆದ್ರೂ ಲೋಗನ್ ಬಾಡಿಗೆ ಕಾರು ಓಡಿಸಿ, ತೊಂಬತ್ತು ದಾಟಿದ, ತಲೆ ನೆಟ್ಟಗಿಲ್ಲದ ಗುರು ಚಾರ್ಲ್ಸ್‌ಗೆ ಔಷಧಿ ತರ್ತಾನೆ. ಎತ್ತಿಕೊಂಡು ಹೋಗಿ ಮಲಗಿಸ್ತಾನೆ. ಇಬ್ಬರಿಗೂ ರಕ್ತಸಂಬಂಧ ಏನೂ ಇಲ್ಲ ಸ್ವಾಮಿ!

ಕೊಳ್ಳೇಗಾಲ ತಾಲೂಕಿನ ಕುಂತೂರಿನಲ್ಲಿ ನನಗೊಬ್ಬ ಅಜ್ಜ ಸಿಕ್ಕಿದ್ರು. ಕಬ್ಬು ತುಂಬಿದ ಎತ್ತಿನಗಾಡಿ ಕೆಸರಲ್ಲಿ ಹೂತ್ರೆ ಊರಿನವರು ಕೂಗ್ತಿದ್ದದ್ದು ಇವರನ್ನೇ. ಚಕ್ರಕ್ಕೆ ಹೆಗಲು ಕೊಟ್ಟು ಒಂದು ಹೂಂಕಾರ ಹಾಕಿದ್ರೆ ಗಾಡಿ ಮೇಲೆ ಬರ್ತಿತ್ತು. ಈಗ ನೀರಿನ ಲೋಟ ಎತ್ತೋಕೆ ಎರಡು ಕೈ ಬೇಕು. ಜಮೀನನ್ನ ಗಂಡುಮಕ್ಕಳ ಹೆಸರಿಗೆ ಮಾಡಿಕೊಟ್ಟಾಗಿದೆ. ಮಲಗೋದು ಜಗಲಿ ಮೇಲೆ. ತಟ್ಟೆ ಬಂದಾಗ ಊಟ, ಬರದಿದ್ರೆ ಇಲ್ಲ.

ಕಾನೂನಿಲ್ವಾ? ಇದೆ. 2007ರ ಹಿರಿಯ ನಾಗರಿಕರ ಕಾಯ್ದೆ. ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿದ್ರೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳಬೇಕು ಅನ್ನೋ ಶರತ್ತಿನ ಮೇಲೆ ಕೊಟ್ಟ ಆಸ್ತಿಯನ್ನ, ನೋಡಿಕೊಳ್ಳದಿದ್ರೆ ವಾಪಸ್ ಪಡೆಯೋಕೂ 23ನೇ ಸೆಕ್ಷನ್ ಇದೆ. ಇಲ್ಲೇ ನೋಡಿ ತೊಡಕು. ಆ ಶರತ್ತು ಇತ್ತು ಅಂತ ತೋರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟ್, ಈ ಕಾಯ್ದೆಯನ್ನ ಹಿರಿಯರ ಪರವಾಗಿ ಉದಾರವಾಗಿ ನೋಡಬೇಕು ಅಂತಲೂ ಹೇಳಿದೆ. ಆದ್ರೆ ಹಳ್ಳಿಯಲ್ಲಿ ಹೆಬ್ಬೆಟ್ಟು ಒತ್ತೋ ತಂದೆಗೆ ‘ಅಪ್ಪಾ, ಒಂದು ಸಾಲು ಬರೆಸಿಕೋ’ ಅಂತ ಯಾರು ಹೇಳ್ತಾರೆ? ಪತ್ರ ಬರೆಯೋರು ಹೇಳಬಹುದು. ಹೇಳಲ್ಲ.

ಇಷ್ಟನ್ನೂ ನಾನು ಅಜ್ಜನಿಗೆ ವಿವರಿಸಿದೆ. 14567 ಸಹಾಯವಾಣಿ ನಂಬರನ್ನೂ ಬರೆದುಕೊಟ್ಟೆ. ಅವರು ಚೀಟಿನ ಮಡಚಿ ಜೇಬಿಗೆ ಹಾಕಿಕೊಂಡ್ರು.

“ಹೆತ್ತ ಹೈಕಳ ಮ್ಯಾಲೆ ಕೇಸ್ ಹಾಕಾದಾ? ಬುಡು ಮಗಾ.”

ಅರ್ಜಿ ಅವರೇ ಕೊಡಬೇಕಂತಿಲ್ಲ, ನ್ಯಾಯಮಂಡಳಿ ತಾನಾಗೇ ವಿಚಾರಣೆ ಮಾಡಬಹುದು ಅಂದೆ. ಅದನ್ನ ಹೇಳಬಾರದಿತ್ತೋ ಏನೋ. ಅಜ್ಜ ಗಾಬರಿಯಾದ್ರು. ನಡುಗೋ ಕೈಯಲ್ಲೇ ನನ್ನ ಕೈ ಹಿಡಿದುಕೊಂಡ್ರು. ಆ ಹಿಡಿತದಲ್ಲಿ ಇನ್ನೂ ಬಲ ಇತ್ತು.

“ಟೀವೀಲಿ ನನ್ ಹೆಸ್ರು ಹೇಳಬ್ಯಾಡ. ಹೈಕಳ್ಗೆ ಅವಮಾನ ಆಯ್ತದೆ.”

ಹೇಳ್ತಿಲ್ಲ ವೀಕ್ಷಕರೇ. ಆದ್ರೆ ಆ ಮಕ್ಕಳು ಈ ಕಾರ್ಯಕ್ರಮ ನೋಡ್ತಿದ್ರೆ, ಅವರಿಗೆ ಗೊತ್ತಾಗುತ್ತೆ.