ನಸುಕಿನಲ್ಲಿ ಬಂದು ಹೋಗುವ ಎದೆನೋವು

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ಹೃದಯಾಘಾತ ಎಂದರೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ ಕೆಲವರಲ್ಲಿ ಹೃದಯಕ್ಕೆ ರಕ್ತ ಕೊಡುವ ನಾಳ, ಮೀನಖಂಡ ಹಿಡಿದುಕೊಂಡಂತೆ, ಒಮ್ಮೆಲೇ ಸೆಟೆದು ಮುಚ್ಚಿಕೊಳ್ಳುತ್ತದೆ. ಅಮೆರಿಕದ ವೈದ್ಯ ಮೈರನ್ ಪ್ರಿನ್ಜ್‌ಮೆಟಲ್ ಮತ್ತು ಸಂಗಡಿಗರು 1959ರಲ್ಲಿ ಈ ಬಗೆಯ ಎದೆನೋವನ್ನು ವಿವರಿಸಿದರು. ಇದು ದುಡಿಯುವಾಗ ಬರುವುದು ಕಡಿಮೆ. ಮಲಗಿರುವಾಗ, ಹೆಚ್ಚಾಗಿ ನಡುರಾತ್ರಿಯಿಂದ ನಸುಕಿನೊಳಗೆ ಬರುತ್ತದೆ. ಕೆಲವೇ ನಿಮಿಷಗಳಲ್ಲಿ ತಾನೇ ಹೋಗಿಬಿಡಬಹುದು. ಫಜ್ರ್ ನಮಾಜಿನ ಹೊತ್ತಿಗೆ ಆರಾಮ ಅನಿಸಿದರೆ, "ಗ್ಯಾಸ್ ಆಗಿರಬೇಕು" ಎಂದು ಸುಮ್ಮನಾಗುತ್ತೇವೆ.

ಅಪಾಯ ಇರುವುದು ಅಲ್ಲೇ. ನಾಳ ಮುಚ್ಚಿದಾಗ, ಕೆಲವೊಮ್ಮೆ ಮತ್ತೆ ತೆರೆದುಕೊಳ್ಳುವಾಗ, ಹೃದಯದ ಬಡಿತದ ಲಯ ತಪ್ಪಬಹುದು. ಬಡಿತ ತೀರಾ ನಿಧಾನವಾಗಿ ಕಣ್ಣು ಕತ್ತಲೆ ಬರಬಹುದು. ಇಲ್ಲವೇ ಹೃದಯ ಬಡಿಯುವ ಬದಲು ಬರೀ ಅದುರತೊಡಗಿ, ಮನುಷ್ಯ ಅಲ್ಲೇ ಕುಸಿಯಬಹುದು. ನೋವು ನಿಂತ ಮೇಲೆ ತೆಗೆದ ಇಸಿಜಿ ಸರಿಯಾಗಿಯೇ ಕಾಣಬಹುದು. ಆಂಜಿಯೋಗ್ರಾಂನಲ್ಲೂ ದೊಡ್ಡ ತಡೆ ಸಿಗದಿರಬಹುದು. ಆದ್ದರಿಂದ ನೋವು ಇರುವಾಗಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿ. 2021ರಲ್ಲಿ, 46ನೇ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರಿಗೆ ಕಳಿಸಿ ಸಲಹೆ ಪಡೆಯುವ ಏರ್ಪಾಟಿದೆ. ನೋವು ತಾನೇ ನಿಂತುಹೋಗಿದ್ದರೂ ಅದೇ ದಿನ ತೋರಿಸಿ. ನೋವು ಬಂದ ವೇಳೆಯನ್ನು, ಎಚ್ಚರ ತಪ್ಪಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಈ ಕಾಯಿಲೆಗೆ ಬೀಡಿ, ಸಿಗರೇಟು ದೊಡ್ಡ ಶತ್ರು. ಬಿಡಲೇಬೇಕು. ನಾಳವನ್ನು ಸಡಿಲಿಸುವ ಡಿಲ್ಟಿಯಾಜೆಮ್, ಆಮ್ಲೋಡಿಪಿನ್‌ನಂಥ ಮಾತ್ರೆಗಳನ್ನು ವೈದ್ಯರು ಬರೆದುಕೊಡುತ್ತಾರೆ. ಆರಾಮ ಆಯಿತೆಂದು ಅವನ್ನು ಒಮ್ಮೆಲೇ ನಿಲ್ಲಿಸಿದರೆ ಸೆಳೆತ ಮರುಕಳಿಸಬಹುದು. ರಂಜಾನ್ ತಿಂಗಳಲ್ಲಿ ಹೀಗಾಗುವ ಸಂಭವ ಹೆಚ್ಚು. ಉಪವಾಸಕ್ಕೆ ಮೊದಲೇ ವೈದ್ಯರನ್ನು ಕೇಳಿ, ಸೆಹ್ರಿ ಮತ್ತು ಇಫ್ತಾರಿನ ವೇಳೆಗೆ ಮಾತ್ರೆ ಹೊಂದಿಸಿಕೊಳ್ಳಿ. ವೈದ್ಯರು ಬೇಡವೆಂದರೆ ಹಟ ಮಾಡಬೇಡಿ. ಕಾಯಿಲೆಯವರಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆ.

ವಿದ್ಯಾರ್ಥಿಗಳೇ, ಯಾರಾದರೂ ಕುಸಿದು ಉಸಿರು ನಿಂತರೆ ನೀರು ಕುಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಿ. ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು.

ದಾನಿಗಳಲ್ಲಿ ಒಂದು ವಿನಂತಿ. ನರ್ಸಿಂಗ್, ಪ್ಯಾರಾಮೆಡಿಕಲ್ ಓದುವ ಮಕ್ಕಳನ್ನೂ ನೆನಪಿಡಿ. ನಸುಕಿನಲ್ಲಿ ನಮ್ಮ ತಾಲ್ಲೂಕಿನ ಆಸ್ಪತ್ರೆಗೆ ಬಂದವರ ಇಸಿಜಿ ತೆಗೆಯುವವರು ನಾಳೆ ಅವರೇ.